ಲೋಕಲ್‌ ಫಸ್ಟ್ ಕ್ಲಾಸಿನಲ್ಲಿ ‘ನಿಮ್ಗ ಸೀಟ್ ಹಿಡದಿಡ್ತೀನಿ’ ಅನ್ನೋರಿಗೆ ಒಂದು ಪೈಸೆ ಕೊಡಬೇಡಿ

ಮುಂಬೈಯಲ್ಲಿರೋ ಕನ್ನಡದವರು, ಅದರಲ್ಲೂ ಸೆಂಟ್ರಲ್ ಲೈನಿನಲ್ಲಿ ಡೋಂಬಿವಲಿ ಕಡೆಯಿಂದ ದಿನಾ ಲೋಕಲ್ ರೈಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದ್ರೆ ಸಿಎಸ್‌ಎಂಟಿಗೆ ಹೋಗೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ನನ್ನದು 2,500 ರೂಪಾಯಿ ಹೋಯಿತು. ದುಡ್ಡು ಹೋದದ್ದು ಒಂದು ಕಡೆ, ಮರ್ಯಾದೆ ಹೋದದ್ದು ಇನ್ನೊಂದು ಕಡೆ. ಬರೀಬೇಕೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಯಾಕಂದ್ರೆ ಬರೆದರೆ ನಾನೇ ಪೆದ್ದ ಅಂತ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡೆ, ಬಿಡಿ.

ಇಪ್ಪತ್ತು ವರ್ಷ ಸೆಕೆಂಡ್ ಕ್ಲಾಸಿನಲ್ಲೇ ಓಡಾಡಿದವನು ನಾನು. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡಿ ಊರಿಕೊಂಡು ನಡುವೆ ಸಿಗೋ ಠಾಣೆ ಸ್ಟೇಷನ್ನಿನವರೆಗೆ ಬರೋದು, ಅಲ್ಲಿ ಯಾರಾದರೂ ಇಳಿದರೆ ಒಳಗೆ ಸರಿಯೋದು, ಎಲ್ಲಾ ಗೊತ್ತು. 2025ರ ಜೂನ್ 9ಕ್ಕೆ ಮುಂಬ್ರಾ ಹತ್ತಿರ ಬಾಗಿಲಲ್ಲಿ ಜೋತಾಡುತ್ತಿದ್ದವರು ಬಿದ್ದು ಸತ್ತರಲ್ಲ, ಅವತ್ತು ನಾನು ಅದಕ್ಕಿಂತ ಹಿಂದಿನ ಗಾಡಿಯಲ್ಲಿ ಹೋಗಿದ್ದೆ. ಮನೆಯವಳು ಹಠ ಹಿಡಿದಳು, ‘ಇನ್ನ ಮ್ಯಾಲೆ ಫಸ್ಟ್ ಕ್ಲಾಸ್, ಇಲ್ಲಾಂದ್ರ ಕೆಲಸಾನ ಬ್ಯಾಡ’ ಅಂತ. ಸೆಕೆಂಡ್ ಕ್ಲಾಸ್ ಪಾಸಿನ ಮೂರು ಪಟ್ಟಿಗೂ ಮಿಕ್ಕಿ ಕೊಟ್ಟು ಫಸ್ಟ್ ಕ್ಲಾಸ್ ಪಾಸ್ ತೆಗೆಸಿದೆ. ಹೊಸದಾಗಿ ತೆಗೆಸೋರಿಗೆ ಒಂದು ಮಾತು: ಆ ಪಾಸು ಕೆಂಪು-ಹಳದಿ ಓರೆ ಪಟ್ಟಿ ಬಳಿದ ಡಬ್ಬಿಯೊಳಗೆ ಹತ್ತೋದಕ್ಕೆ ಮಾತ್ರ. ಸೀಟಿಗಲ್ಲ. ಬೆಳಗಿನ ಫಾಸ್ಟ್ ಗಾಡಿಗೆ ಡೋಂಬಿವಲಿಯಲ್ಲಿ ಹತ್ತಿದರೆ ಫಸ್ಟ್ ಕ್ಲಾಸಿನಲ್ಲೂ ನಿಂತೇ ಹೋಗಬೇಕು. ಸ್ವಲ್ಪ ದುಬಾರಿ ಬೆವರಿನ ವಾಸನೆ, ಅಷ್ಟೇ ವ್ಯತ್ಯಾಸ.

ಗಣಪತಿ ಕಳಿಸಿ ನಾಲ್ಕೈದು ದಿನ ಆಗಿರಬೇಕು. ನಿಂತುಕೊಂಡು ಫೋನಿನಲ್ಲಿ ಧಾರವಾಡದ ತಮ್ಮನ ಜೊತೆ ಮಾತಾಡ್ತಿದ್ದೆ. ಇಟ್ಟ ಕೂಡಲೇ ಕಿಟಕಿ ಪಕ್ಕದಿಂದ ಒಬ್ಬರು, ‘ಏನ್ರೀ ಸರ್, ಧಾರವಾಡದವರೇನ್ರಿ? ನಮ್ದು ಗದಗ ರೀ’ ಅಂದರು. ಅಷ್ಟು ಸಾಕಾಯಿತು ನನಗೆ. ಮರಾಠಿ, ಗುಜರಾತಿ, ಹಿಂದಿ ಗದ್ದಲದ ನಡುವೆ ಕಿವಿಗೆ ಒಂದು ‘ರೀ’ ಬಿದ್ದರೆ ನಮ್ಮಂಥವರು ಕರಗಿಹೋಗ್ತೀವಿ. ಅವತ್ತು ಠಾಣೆ ಬರೋವರೆಗೂ ಗದಗಿನ ಮಿರ್ಚಿ, ಧಾರವಾಡದ ಫೇಡೆ, ಎರಡೂ ಕಡೆ ಬಿದ್ದ ಮಳೆ. ಠಾಣೆಯಲ್ಲಿ ಪಕ್ಕದವರು ಇಳಿದಾಗ ನನ್ನ ತೋಳು ಹಿಡಿದು ಕೂರಿಸಿದರು.

ಮೂರನೇ ದಿನ ವಿಷಯ ಬಂತು. ‘ನಾನು ಕಲ್ಯಾಣದಾಗ ಹತ್ತತೀನಿ. ಬಾಜೂಕ ಬ್ಯಾಗ್ ಇಟ್ಟು ನಿಮ್ಗೊಂದ ಸೀಟ್ ಹಿಡದಿಡ್ತೀನಿ. ದಿನಾ ಜೋಡಿ ಹೋಗೋರ ಗ್ರೂಪಿನ ಸೀಟ್ ರೀ ಅದು, ಯಾರೂ ಕೇಳಂಗಿಲ್ಲ. ಗ್ರೂಪಿಗೆ ಸೇರ್ಬಿಡ್ರಿ.’ ಕಲ್ಯಾಣದಿಂದ ಡೋಂಬಿವಲಿಗೆ ಫಾಸ್ಟ್ ಗಾಡಿ ಬರೋಕೆ ಹತ್ತು ನಿಮಿಷ ಕೂಡ ಬೇಡ. ಒಂದು ಬ್ಯಾಗು ಅಷ್ಟು ಹೊತ್ತು ಸೀಟ್ ಕಾಯುತ್ತೆ, ಸರಿ ಅನ್ನಿಸಿತು. ಎಷ್ಟು ಅಂದೆ. ‘ವರ್ಷಕ್ಕ ಒಮ್ಮೆ 2,500 ರೀ. ಖಂಡೇನವಮಿಗೆ ಗಾಡಿ ಪೂಜಾ ಮಾಡ್ತೀವಲ್ಲ, ಅದೂ ಇದರಾಗ ಬಂತು.’

ಗಾಡಿ ಪೂಜೆ ಗೊತ್ತಲ್ಲ ನಿಮಗೆ. ದಸರೆಯ ಹಿಂದಿನ ದಿನ ಲೋಕಲ್ ಡಬ್ಬಿಗಳಿಗೆ ಚೆಂಡುಹೂವಿನ ಮಾಲೆ, ಮಾವಿನ ತೋರಣ, ತೆಂಗಿನಕಾಯಿ, ಆರತಿ, ಪೇಡೆ. ನಮ್ಮ ಕಡೆ ಖಂಡೇನವಮಿಗೆ ಆಯುಧಕ್ಕೆ ಪೂಜೆ ಮಾಡಿದ ಹಾಗೆ ಇಲ್ಲಿಯವರು ಲೋಕಲ್ಲಿಗೆ ಮಾಡ್ತಾರೆ. ಚಂದ ಇರುತ್ತೆ. ಹಾಗಾಗಿ ಅನುಮಾನ ಬರಲಿಲ್ಲ.

ಯುಪಿಐ ಮಾಡುವಾಗ ನನ್ನ ಫೋನಿಗೆ ಬಗ್ಗಿ ನೋಡಿದರು. ‘ರಿಮಾರ್ಕಿನ್ಯಾಗ ದಸರಾ ಪೂಜಾ ಅಂತ ಬರೀರಿ ಸರ್. ಲೆಕ್ಕಕ್ಕ ಬೇಕಾಗ್ತದ.’ ಬರೆದೆ. ನನ್ನ ಕೈಯಾರೆ ಬರೆದೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹನ್ನೊಂದು ದಿನ. ಲೆಕ್ಕ ಹಾಕಿದ್ದೀನಿ, ಸರಿಯಾಗಿ ಹನ್ನೊಂದು ದಿನ ಸೀಟು ಸಿಕ್ಕಿತು. ನಾನು ಹತ್ತಿದ ಕೂಡಲೇ ಬ್ಯಾಗ್ ಎತ್ತೋದು, ನಾನು ಕೂರೋದು. ಮುಂದೆ ನಿಂತವರ ಮುಖ ನೋಡಬಾರದು ಅಂತ ಪೇಪರ್ ಬಿಚ್ಚೋದು. ಅವರೂ ನನ್ನ ಹಾಗೆಯೇ ಪಾಸಿಗೆ ದುಡ್ಡು ಕೊಟ್ಟವರು. ನನಗಿಂತ ಮುಂಚೆ ಹತ್ತಿದವರೂ ಇರ್ತಿದ್ದರು. ಗೊತ್ತಿತ್ತು. ಗೊತ್ತಿದ್ದೂ ಕೂತೆ.

ಆರನೇ ದಿನವೋ ಏಳನೇ ದಿನವೋ, ಎಪ್ಪತ್ತರ ಮೇಲಿನ ಒಬ್ಬ ಅಜ್ಜ ಡೋಂಬಿವಲಿಯಲ್ಲಿ ಹತ್ತಿದರು. ಕೈಯಲ್ಲಿ ಆಸ್ಪತ್ರೆಯ ಫೈಲು, ಪ್ಲಾಸ್ಟಿಕ್ ಚೀಲದೊಳಗೆ ಎಕ್ಸ್‌ರೇ. ನನ್ನ ಮುಂದೆಯೇ ನಿಂತು ಮೇಲಿನ ಹಿಡಿಕೆ ಹಿಡಿದರು, ತೋಳು ಪೂರ್ತಿ ಚಾಚಿದರೂ ಬೆರಳ ತುದಿ ಮಾತ್ರ ಸಿಕ್ತಿತ್ತು. ನಾನು ಏಳೋಕೆ ಹೋದೆ. ನಿಜವಾಗಲೂ ಹೋದೆ. ಗದಗಿನವರು ನನ್ನ ಮೊಣಕಾಲ ಮೇಲೆ ಅಂಗೈ ಇಟ್ಟು ಒತ್ತಿದರು. ‘ಕೂಡ್ರಿ ಸರ್. ಒಮ್ಮೆ ಬಿಟ್ರ ಗ್ರೂಪಿನ ಸೀಟ್ ಹೋತು.’ ಅಜ್ಜನಿಗೆ ಕನ್ನಡ ಬರಲ್ಲ, ಆದರೆ ಆ ಕೈ ಅರ್ಥ ಆಯಿತು. ‘ಬಸಾ, ಬಸಾ’, ಕೂತ್ಕೊಳ್ಳಿ ಅಂತ ನಕ್ಕರು. ದಾದರ್‌ವರೆಗೆ ನಿಂತೇ ಬಂದರು. ನಾನು ಪೇಪರಿನಲ್ಲಿ ಒಂದೇ ಪುಟ ನೋಡ್ತಾ ಇದ್ದೆ, ಅದರಲ್ಲಿ ಏನಿತ್ತು ಅಂತ ಈಗ ಕೇಳಿದರೆ ಹೇಳೋಕಾಗಲ್ಲ.

ಹನ್ನೆರಡನೇ ದಿನ ಬ್ಯಾಗ್ ಮೇಲೇಳಲಿಲ್ಲ. ‘ಇವತ್ತ ನಮ್ಮವರೊಬ್ಬರು ಠಾಣೆದಾಗ ಬರ್ತಾರ್ರಿ, ಆರಾಮಿಲ್ಲ ಅವರಿಗೆ.’ ಆಯ್ತು ಅಂದೆ. ಠಾಣೆಯಲ್ಲಿ ಬಂದವನು ಮೂವತ್ತರ ಹುಡುಗ, ಕೂತ ಕೂಡಲೇ ಮೊಬೈಲಿನಲ್ಲಿ ಕ್ರಿಕೆಟ್ ಹಚ್ಚಿದ. ಮರುದಿನ ‘ನೀವು ಲೇಟಾತಿರಿ’. ನಾನು ಲೇಟಾಗೋದು ಹೇಗೆ? ಗಾಡಿ ಡೋಂಬಿವಲಿಗೆ ಬಂದಾಗ ತಾನೇ ಹತ್ತೋದು! ಅದರ ಮರುದಿನ ಕಿಟಕಿಯಾಚೆ ನೋಡ್ತಾ ಕೂತರು, ನಾನು ಬಂದದ್ದೇ ಕಾಣಲಿಲ್ಲ ಅನ್ನೋ ಹಾಗೆ. ವಾಟ್ಸ್‌ಆ್ಯಪ್ ಹಾಕಿದರೆ ನೀಲಿ ಟಿಕ್ಕು ಬರುತ್ತೆ, ಉತ್ತರ ಬರಲ್ಲ.

ಖಂಡೇನವಮಿ ದಿನ ಗುಟ್ಟು ಬಯಲಾಯಿತು. ಡಬ್ಬಿಯಲ್ಲಿ ಹೂವು, ಊದಿನಕಡ್ಡಿ. ಗ್ರೂಪಿನ ಹಿರಿಯ ಮರಾಠಿ ಕಾಕಾ ಒಬ್ಬರು ಪೇಡೆ ಹಂಚುತ್ತಾ ಬಂದರು. ಬಗಲಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು, ವಂತಿಗೆ ಬರೆದದ್ದು. ನಾನೂ ಕೊಟ್ಟಿದ್ದೀನಿ ಅಂತ ಸ್ವಲ್ಪ ಜಂಬದಲ್ಲೇ ಹೇಳಿದೆ. ಅವರು ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದರು. ನನ್ನ ಹೆಸರಿರಲಿಲ್ಲ. ಗದಗಿನವರ ಹೆಸರಿನ ಕೆಳಗೆ ‘ಡೋಂಬಿವಲಿ ನವಾ’ ಅಂತ ಇತ್ತು. ಡೋಂಬಿವಲಿಯ ಹೊಸಬ. ಅದರ ಮುಂದೆ 300.

ಮೂರು ನೂರು!

‘ಆಮ್ಹೀ ಸಗಳ್ಯಾಂಕಡೂನ್ ತೀನ್‌ಶೇಚ್ ಘೇತೋ’ ಅಂದರು ಕಾಕಾ, ಎಲ್ಲರ ಹತ್ತಿರವೂ ಮುನ್ನೂರೇ. ವರ್ಷದ ಸೀಟಿನ ವಂತಿಗೆ ಅಂತ ಕೇಳಿದ್ದಕ್ಕೆ ಅವರಿಗೆ ಅರ್ಥವೇ ಆಗಲಿಲ್ಲ. ಎರಡು ಸಲ ಕೇಳಿದೆ. ಸುತ್ತ ನಿಂತವರಿಗೆ ಮಾತ್ರ ಅರ್ಥ ಆಯಿತು. ಹನ್ನೊಂದು ದಿನ ನನ್ನ ಮುಂದೆ ನಿಂತು ಬಂದವರು ಅವರು. ಒಬ್ಬ ‘ಸೀಟ್ ವಿಕತ್ ಘೇತಲೀ?’ ಅಂದ. ಸೀಟು ಕೊಂಡುಕೊಂಡ್ಯಾ ಅಂತ. ಡಬ್ಬಿಯೆಲ್ಲಾ ನಕ್ಕಿತು. ಕೈಯಲ್ಲಿದ್ದ ಪೇಡೆ ತಿನ್ನೋಕೂ ಆಗಲಿಲ್ಲ, ಎಸೆಯೋಕೂ ಆಗಲಿಲ್ಲ.

ಸಿಎಸ್‌ಎಂಟಿಯಲ್ಲಿ ಇಳಿದ ಮೇಲೆ ಗದಗಿನವರನ್ನ ಹಿಡಿದೆ. ಅವರು ಕೊಟ್ಟ ಉತ್ತರಗಳನ್ನ ಒಂದೂ ಬಿಡದೆ ಬರೀತೀನಿ, ಯಾಕಂದ್ರೆ ನಾಳೆ ನಿಮಗೂ ಇವೇ ಸಿಗಬಹುದು.

‘ನನ್ನ 2,200 ಎಲ್ಲಿ?’ ಅಂದೆ. ‘ಯಾವ 2,200 ರೀ? ನೀವು ಪೂಜಾಕ್ಕ ಕೊಟ್ಟೀರಿ.’

ಸೀಟಿಗೆ ಕೊಟ್ಟದ್ದು ಅಂದೆ. ಫೋನ್ ತೆಗೆದು ತೋರಿಸಿದರು. ‘ನೀವ ಬರ್ದೀರಲ್ರೀ, ದಸರಾ ಪೂಜಾ ಅಂತ. ದೇವರಿಗೆ ಕೊಟ್ಟಿದ್ದು ವಾಪಸ್ ಕೇಳ್ತಾರೇನ್ರಿ?’

ದೇವರಿಗೆ ಮುಟ್ಟಿದ್ದು ಮುನ್ನೂರು, ಪುಸ್ತಕ ನೋಡಿದ್ದೀನಿ ಅಂದೆ. ‘ಹನ್ನೊಂದ ದಿನ ಕುಂತ್ರಲ್ಲ, ಅದು ಪುಕ್ಕಟ ಏನು?’ ಅಂದರೆ ಅವರೂ ದಿನ ಎಣಿಸಿದ್ದಾರೆ! ದಿನಕ್ಕೆ 200 ಬಿತ್ತು, ಆ ದುಡ್ಡಿಗೆ ಎಸಿ ಲೋಕಲ್ಲಿನಲ್ಲಿ ಹೋಗಬಹುದಿತ್ತು.

ಕಂಪ್ಲೇಂಟ್ ಕೊಡ್ತೀನಿ ಅಂದೆ. ಆಗ ಒಂದು ನಗು ನಕ್ಕರು ನೋಡಿ, ಇವತ್ತಿಗೂ ರಾತ್ರಿ ನೆನಪಾಗುತ್ತೆ. ‘ಕೊಡ್ರಿ. ಏನಂತ ಕೊಡ್ತೀರಿ? ಸರ್ಕಾರದ ಗಾಡ್ಯಾಗ ಸೀಟ್ ಖರೀದಿ ಮಾಡೀನಿ ಅಂತ ಬರ್ಕೊಡ್ರಿ.’

ಏನು ಹೇಳೋದು? ರೈಲ್ವೆ ಸಹಾಯವಾಣಿ 139 ಒತ್ತಿ ಕಟ್ ಮಾಡಿದೆ. ಎರಡು ಸಲ. ಅವರು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಮೈ ಉರಿಯೋದು. ಲೋಕಲ್ಲಿನಲ್ಲಿ ಯಾರ ಸೀಟೂ ಯಾರದ್ದೂ ಅಲ್ಲ, ಬ್ಯಾಗಿಗಂತೂ ಹಕ್ಕೇ ಇಲ್ಲ. ಇಲ್ಲದ ಮಾಲನ್ನ ಅವರು ಮಾರಿದರು, ನಾನು ಕೊಂಡೆ. ಮುನ್ನೂರು ರೂಪಾಯಿ ಪೂಜೆ ಅಂತ ಕೇಳಿದರೆ ಕೊಡಿ, ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸಿ ಕೊಡಿ. ಸೀಟು ಅಂದ ಕೂಡಲೇ ಕಾಲು ಕೀಳಿ. ರಿಮಾರ್ಕಿನಲ್ಲಿ ಅವರು ಹೇಳಿದ್ದನ್ನ ಬರೀಬೇಡಿ. ಕನ್ನಡ ಮಾತಾಡಿದ ಮಾತ್ರಕ್ಕೆ ಸೋದರಮಾವ ಆಗಲ್ಲ. ಕೂತೇ ಹೋಗಬೇಕಿದ್ದರೆ ಕಲ್ಯಾಣದಿಂದಲೇ ಪಾಸ್ ತೆಗೆಸಿ, ಹಿಂದೆ ಹೋಗಿ ಹತ್ತಿ ಬನ್ನಿ. ಡೋಂಬಿವಲಿ ಪಾಸಿನಲ್ಲಿ ಕಲ್ಯಾಣಕ್ಕೆ ಹೋಗಿ ಕೂತು ಬರೋ ಚಾಲಾಕಿ ಬೇಡ, ಟಿಸಿ ಹಿಡಿದರೆ ಟಿಕೆಟ್ ಇಲ್ಲದ ಲೆಕ್ಕ, ಕನಿಷ್ಠ 250 ದಂಡ, ಮೇಲೆ ಗಾಡಿ ಚಾರ್ಜು. (ಇದನ್ನೂ ಅವರೇ ಹೇಳಿಕೊಟ್ಟಿದ್ದರು, ‘ಏನೂ ಆಗಂಗಿಲ್ರಿ’ ಅಂತ. ಪುಣ್ಯಕ್ಕೆ ಕೇಳಲಿಲ್ಲ.)

ಈಗ ಅದೇ ಗಾಡಿಗೆ ಹತ್ತುತ್ತೀನಿ, ಇನ್ನೊಂದು ತುದಿಯ ಡಬ್ಬಿಗೆ. ಮೊನ್ನೆ ಆ ಆಸ್ಪತ್ರೆಯ ಅಜ್ಜ ಅಲ್ಲಿ ಸಿಕ್ಕರು, ಯಾರೋ ಸೀಟು ಕೊಟ್ಟಿದ್ದರು, ಕೂತಿದ್ದರು. ನಾನು ನಿಂತಿದ್ದೆ. ನನ್ನ ಗುರುತು ಹಿಡಿದರು ಅಂತ ಕಣ್ಣಲ್ಲೇ ಗೊತ್ತಾಯಿತು. ಏನೂ ಅನ್ನದೆ ಫೈಲನ್ನ ತೊಡೆಯ ಮೇಲೆ ಸರಿ ಮಾಡಿಕೊಂಡರು.

ನಿನ್ನೆ ಗಾಡಿ ಬಿಡುವಾಗ ಹಳೇ ಡಬ್ಬಿ ದಾಟಿ ಓಡಬೇಕಾಯಿತು. ಕಿಟಕಿಯಲ್ಲಿ ನಮ್ಮ ಗದಗಿನವರು. ಬ್ಯಾಗು ತೊಡೆ ಮೇಲಿತ್ತು, ಪಕ್ಕದಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿದ ಹೊಸ ಹುಡುಗ. ಇಬ್ಬರೂ ತೆಲುಗಿನಲ್ಲಿ ಮಾತಾಡ್ತಿದ್ದರು.