ಓಟಗಾರರಿಗೆ ಯಾವುದು: ಅಷ್ಟಾಂಗವೋ, ಅಯ್ಯಂಗಾರ್ ಪದ್ಧತಿಯೋ?

ಈ ಎರಡು ಯೋಗ ಪದ್ಧತಿಗಳ ಬೇರೂ ಒಂದೇ. ಯೋಗಗುರು ಟಿ. ಕೃಷ್ಣಮಾಚಾರ್ಯರ ಶಿಷ್ಯರಾದ ಪಟ್ಟಾಭಿ ಜೋಯಿಸರು ಅಷ್ಟಾಂಗ ವಿನ್ಯಾಸವನ್ನೂ ಬಿ.ಕೆ.ಎಸ್. ಅಯ್ಯಂಗಾರ್ ತಮ್ಮ ಹೆಸರಿನ ಪದ್ಧತಿಯನ್ನೂ ಬೆಳೆಸಿದರು. ಆದರೆ ಕ್ರೀಡಾಪಟುವಿನ ಮೈಮೇಲೆ ಇವು ಮಾಡುವ ಕೆಲಸ ಬೇರೆ ಬೇರೆ.

ಅಷ್ಟಾಂಗದಲ್ಲಿ ಬೆವರು ಹರಿಯುತ್ತದೆ. ಉಸಿರಿನ ಲೆಕ್ಕದಲ್ಲಿ ಆಸನದಿಂದ ಆಸನಕ್ಕೆ ಸಾಗಬೇಕು. ಹೆಚ್ಚಿನವುಗಳಲ್ಲಿ ನಿಲ್ಲುವುದು ಐದೇ ಉಸಿರು. ಮೊದಲ ಸರಣಿ, ಅಂದರೆ ಆರಂಭದ ಹಂತದ ನಿಗದಿತ ಆಸನಗಳ ಸಾಲು, ಮುಗಿಸಲು ಸುಮಾರು 90 ನಿಮಿಷ ಬೇಕು. ಅಂದರೆ ಇದೂ ಒಂದು ತರಬೇತಿಯೇ. ಕಠಿಣ ಓಟದ ದಿನ ಇದನ್ನೂ ಹೇರಿದರೆ ವಿಶ್ರಾಂತಿ ಎಲ್ಲಿಂದ ಬಂದೀತು? ಪದೇ ಪದೇ ಬರುವ ಚತುರಂಗ ದಂಡಾಸನ (ಮೊಣಕೈ ಮಡಚಿ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯುವ ಭಂಗಿ) ತೋಳಿಗೆ ಬಲ ಕೊಡುತ್ತದೆ ನಿಜ, ಭುಜ ಮೊದಲೇ ದಣಿದ ಈಜುಗಾರರಿಗೆ ಮಾತ್ರ ಅದು ಹೆಚ್ಚುವರಿ ಹೊರೆ.

ಅಯ್ಯಂಗಾರ್ ಪದ್ಧತಿ ನಿಧಾನ, ಒಂದೊಂದು ಆಸನದಲ್ಲೂ ಹೆಚ್ಚು ಹೊತ್ತು ನಿಲ್ಲಬೇಕು. ಅವಸರದವರಿಗೆ ಬೇಸರ ತರಿಸುವಷ್ಟು ನಿಧಾನ. ಸುಪ್ತ ಪಾದಾಂಗುಷ್ಠಾಸನವನ್ನೇ ನೋಡಿ. ಅಂಗಾತ ಮಲಗಿ, ಪಾದಕ್ಕೆ ಪಟ್ಟಿ ಹಾಕಿ, ಕಾಲನ್ನು ಮೇಲೆತ್ತುತ್ತೀರಿ. ಮಂಡಿ ನೇರವಾಗಿರಬೇಕು, ಇನ್ನೊಂದು ತೊಡೆ ನೆಲಕ್ಕೆ ಒತ್ತಿರಬೇಕು. ತೊಡೆಯ ಹಿಂಭಾಗ ಬಿಗಿದ ಓಟಗಾರ ಸೊಂಟ ಓರೆ ಮಾಡಿ ತಪ್ಪಿಸಿಕೊಳ್ಳಲು ಹೋದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಎಡಬಲಗಳ ವ್ಯತ್ಯಾಸವೂ ಗೊತ್ತಾಗುತ್ತದೆ.

ಸ್ಪರ್ಧೆಗಳ ಋತುವಿನಲ್ಲಿ ನನ್ನ ಮತ ಅಯ್ಯಂಗಾರ್ ಪದ್ಧತಿಗೆ, ಅದೂ ಓಟ ಮುಗಿದ ಮೇಲೆ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಎಳೆದು ಹಿಡಿದ ಸ್ನಾಯುವಿನ ಬಲ ತಾತ್ಕಾಲಿಕವಾಗಿ ತುಸು ಕುಗ್ಗಬಹುದು. ಸ್ಪ್ರಿಂಟ್‌ಗೆ ಮುನ್ನ ಅದು ಬೇಡ. ಸ್ಪರ್ಧೆಗಳಿಲ್ಲದ ತಿಂಗಳುಗಳಲ್ಲಿ, ಗಾಯಗಳಿಲ್ಲದಿದ್ದರೆ, ವಾರಕ್ಕೆರಡು ದಿನ ಅಷ್ಟಾಂಗ ಮಾಡಬಹುದು. ಮಂಡಿನೋವಿದ್ದವರು ಅರ್ಧಪದ್ಮದ (ಒಂದು ಪಾದವನ್ನು ಎದುರು ತೊಡೆಯ ಮೇಲಿಡುವ) ಆಸನಗಳನ್ನು ಬಿಟ್ಟೇ ಮುಂದುವರಿಯಲಿ.