ದಿನಕ್ಕೊಂದು ನೆನಪು, ದಿನಕ್ಕೊಂದು ತಿಂಡಿ: ತುಮಕೂರಿನ ಒಂದು ಸಸ್ಯಾಹಾರಿ ಹೋಟೆಲು

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿರುವ ಈ ಸಸ್ಯಾಹಾರಿ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಒಂದು ಕಪ್ಪುಹಲಗೆಯಿದೆ. ಮನರಂಜನೆಯ ಇತಿಹಾಸದಲ್ಲಿ ಆ ತಾರೀಖಿನಂದು ನಡೆದ ಒಂದು ಸಂಗತಿಯನ್ನು ಅದರ ಎಡಭಾಗದಲ್ಲಿ ಬರೆಯುತ್ತಾರೆ. ಆ ದಿನ ಯಾವುದಾದರೂ ಆಹಾರ ದಿನಾಚರಣೆ ಇದ್ದರೆ ಅದು ಬಲಭಾಗದಲ್ಲಿರುತ್ತದೆ. ಎರಡರಲ್ಲಿ ಒಂದಕ್ಕೆ ಹೊಂದುವ ವಿಶೇಷ ತಿಂಡಿ ಬೆಳಿಗ್ಗೆ ಸಿದ್ಧವಾಗುತ್ತದೆ. ಗಿರಾಕಿಗಳನ್ನು ಸೆಳೆಯಲು ಹೂಡಿದ ಉಪಾಯ ಇದೆಂದು ಯಾರಿಗಾದರೂ ಅನ್ನಿಸಬಹುದು, ಆದರೆ ಆ ಹಲಗೆಯನ್ನು ಬರೆಯುವವರಿಗೆ ವಿಷಯದ ಮೇಲೆ ನಿಜವಾದ ಪ್ರೀತಿಯಿದೆ ಎಂಬುದು ಎರಡು ಮೂರು ದಿನ ಓದಿದವರಿಗೆ ತಿಳಿಯುತ್ತದೆ.

ಮಾರ್ಚ್ 3 ಈ ಹೋಟೆಲಿನ ಅತ್ಯುತ್ತಮ ದಿನ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದೇ ತಾರೀಖನ್ನು ಈಚಿನ ವರ್ಷಗಳಲ್ಲಿ ದೋಸೆಯ ದಿನವೆಂದೂ ಆಚರಿಸುತ್ತಾರೆ. ಈ ಎರಡೂ ಒಂದೇ ದಿನ ಕೂಡಿಬಂದಿರುವುದು ಕೇವಲ ಆಕಸ್ಮಿಕವಾದರೂ ಕನ್ನಡಿಗರ ಪಾಲಿಗೆ ಇದಕ್ಕಿಂತ ಒಳ್ಳೆಯ ಆಕಸ್ಮಿಕ ಬೇರೊಂದಿಲ್ಲ. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅಭಿನಯಿಸಿದ ಆ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ ಎಂಬ ವಿವರವನ್ನೂ ಹಲಗೆಯ ಮೇಲೆ ಬರೆದಿದ್ದರು. ಅಂದಿನ ಬೆಣ್ಣೆ ದೋಸೆಯ ಹಿಟ್ಟು ಹದವಾಗಿ ಹುದುಗು ಬಂದಿತ್ತು, ಅಂಚು ಗರಿಗರಿಯಾಗಿ ನಡು ಮೆತ್ತಗಿತ್ತು, ಪಲ್ಯದಲ್ಲಿ ಈರುಳ್ಳಿ ಆಲೂಗೆಡ್ಡೆಯನ್ನು ಮೀರಿರಲಿಲ್ಲ. ಹಸಿಮೆಣಸಿನಕಾಯಿ ಚಟ್ನಿಯನ್ನು ಆಗಾಗ ರುಬ್ಬಿ ತಂದು ಬಡಿಸುತ್ತಿದ್ದುದರಿಂದ ಕೊನೆಯ ಪಂಕ್ತಿಯವರಿಗೂ ಅದು ತಾಜಾ ಆಗಿಯೇ ಸಿಕ್ಕಿತು.

ಮಾರ್ಚ್ 30ರ ಇಡ್ಲಿ ದಿನದಂದು ತಟ್ಟೆ ಇಡ್ಲಿ ಮಾಡುತ್ತಾರೆ. ಕ್ಯಾತ್ಸಂದ್ರ ಇಷ್ಟು ಹತ್ತಿರದಲ್ಲಿರುವಾಗ ತುಮಕೂರಿನಲ್ಲಿ ತಟ್ಟೆ ಇಡ್ಲಿ ಬಡಿಸುವುದಕ್ಕೆ ಧೈರ್ಯ ಬೇಕು. ಇವರ ಇಡ್ಲಿ ಮೆತ್ತಗಿದೆ, ಹಬೆಯಾಡುತ್ತಲೇ ಎಲೆಗೆ ಬರುತ್ತದೆ. ಆದರೆ ಕ್ಯಾತ್ಸಂದ್ರದ ಇಡ್ಲಿಯ ನವಿರು ಇದಕ್ಕಿಲ್ಲ ಎಂಬುದನ್ನು ಹೇಳಲೇಬೇಕು.

ಸೆಪ್ಟೆಂಬರ್ 2ರ ವಿಶ್ವ ತೆಂಗು ದಿನ ಈ ಜಿಲ್ಲೆಯ ಮಟ್ಟಿಗೆ ವಿಚಿತ್ರ ಆಚರಣೆಯಲ್ಲ, ಮನೆಯ ಹಬ್ಬವೇ ಸರಿ. ತೆಂಗು ಬೆಳೆಯುವ ಏಷ್ಯಾ ಮತ್ತು ಪೆಸಿಫಿಕ್ ದೇಶಗಳ ಒಕ್ಕೂಟ 1969ರಲ್ಲಿ ಸ್ಥಾಪನೆಯಾದ ನೆನಪಿಗೆ ಈ ದಿನವನ್ನು ಗೊತ್ತುಮಾಡಲಾಗಿದೆ. ಅಂದು ಹೋಟೆಲಿನವರು ತಿಪಟೂರಿನ ಉಂಡೆ ಕೊಬ್ಬರಿಯನ್ನು ತುರಿದು ಬೆಲ್ಲದಲ್ಲಿ ಮಿಠಾಯಿ ಮಾಡಿದ್ದರು, ಜೊತೆಗೆ ಕಾಯಿ ಹೋಳಿಗೆಯೂ ಇತ್ತು. ಹೂರಣ ಅಂಚಿನವರೆಗೂ ಹರಡಿದ್ದ, ತುಪ್ಪದ ಮೇಲೆ ಜಿಪುಣತನ ಮಾಡದ ಹೋಳಿಗೆ ಅದು. ತಿಪಟೂರಿನವರೇ ಆದ ಹಾಸ್ಯನಟ ನರಸಿಂಹರಾಜು ಅವರ ಹೆಸರನ್ನು ಎಡಭಾಗದಲ್ಲಿ ಬರೆದಿದ್ದರು. ತಾರೀಖಿಗೂ ಅವರಿಗೂ ನೇರ ಸಂಬಂಧವಿಲ್ಲದಿದ್ದರೂ ಊರಿನ ಸಂಬಂಧವೇ ಸಾಕೆಂದು ನನಗೆ ತೋರಿತು.

ಹೊರಗಿನಿಂದ ಬಂದ ದಿನಗಳಲ್ಲಿ ಮಾತ್ರ ಇದೇ ಅಡುಗೆಮನೆ ಎಡವುತ್ತದೆ. ಜೂನ್ ತಿಂಗಳ ಮೊದಲ ಶುಕ್ರವಾರ ಅಮೆರಿಕದಲ್ಲಿ ಡೋನಟ್ ದಿನ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಡೋನಟ್ ಕರಿದು ಕೊಟ್ಟ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಮಹಿಳೆಯರನ್ನು ಗೌರವಿಸಲು ಆ ಸಂಸ್ಥೆ 1938ರಲ್ಲಿ ಶಿಕಾಗೊದಲ್ಲಿ ಆರಂಭಿಸಿದ ಆಚರಣೆ ಅದು. ಮನಸ್ಸಿಗೆ ತಟ್ಟುವ ಆ ಕಥೆಯ ಒಂದು ಸಾಲೂ ಹಲಗೆಯ ಮೇಲಿರಲಿಲ್ಲ. ತಿಂಡಿಯನ್ನು ವಡೆ ಕರಿದ ಎಣ್ಣೆಯಲ್ಲೇ ಕರಿದಿದ್ದರಿಂದ ಸಕ್ಕರೆಯ ಲೇಪದ ಅಡಿಯಲ್ಲಿ ಮೆಣಸು, ಕರಿಬೇವಿನ ವಾಸನೆ ಬರುತ್ತಿತ್ತು. ಜುಲೈ 7ರ ಚಾಕೊಲೇಟ್ ದಿನದ ಬರ್ಫಿಯೂ ಸಾಧಾರಣವೇ. ಆದರೆ ಲ್ಯೂಮಿಯೇರ್ ಸಹೋದರರ ಚಿತ್ರಗಳು 1896ರ ಅದೇ ದಿನ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡವೆಂಬ ಟಿಪ್ಪಣಿಯನ್ನು ಶಾಲಾಮಕ್ಕಳು ನಿಂತು ಓದುತ್ತಿದ್ದುದನ್ನು ಕಂಡೆ. ಭಾರತದಲ್ಲಿ ಸಿನಿಮಾ ಕಾಲಿಟ್ಟದ್ದು ಒಂದು ಹೋಟೆಲಿನೊಳಗೆ ಎಂಬುದನ್ನು ಹೋಟೆಲಿನ ಹಲಗೆಯಲ್ಲೇ ಓದುವುದು ಸೊಗಸಾದ ಸಂಗತಿ.

ನನ್ನ ದೊಡ್ಡ ಆಕ್ಷೇಪ ರಂಗಭೂಮಿಗೆ ಸಂಬಂಧಿಸಿದ್ದು. ಗುಬ್ಬಿ ಇರುವುದು ಇದೇ ಜಿಲ್ಲೆಯಲ್ಲಿ, ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇರುವುದು ಇದೇ ನಗರದಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ರಾಜ್‌ಕುಮಾರ್ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ನಾಯಕನಟರಾದರು. ನರಸಿಂಹರಾಜು ಅವರೂ ಚಿತ್ರರಂಗಕ್ಕೆ ಬಂದದ್ದು ಅದೇ ಚಿತ್ರದ ಮೂಲಕ. ಹೀಗಿದ್ದೂ ನಾಟಕ ಕಂಪನಿಗಳ ವಿಷಯ ಹಲಗೆಯ ಮೇಲೆ ಬರುವುದು ಅಪರೂಪ, ಮುಂಬಯಿ ಮತ್ತು ಹಾಲಿವುಡ್ಡಿನ ಸಂಗತಿಗಳು ಬರುವುದೇ ಹೆಚ್ಚು. ಮಾಲೀಕರಿಗೆ ಇದನ್ನು ಹೇಳಿದಾಗ, “ಗುಬ್ಬಿ ಕಡೆಯ ಹಳಬರು ಯಾರಾದರೂ ಸಿಕ್ಕರೆ ಕಳಿಸಿಕೊಡಿ ಸಾರ್, ಕೇಳಿ ಬರೆಸ್ತೀನಿ” ಎಂದರು. ಈ ಬರಹವನ್ನು ಓದುವವರಲ್ಲಿ ಕಂಪನಿ ನಾಟಕಗಳನ್ನು ನೋಡಿದ ಹಿರಿಯರಿದ್ದರೆ ಅವರು ಒಮ್ಮೆ ಅಲ್ಲಿಗೆ ಹೋಗಿ ಮಾತಾಡಬೇಕೆಂದು ಕೋರುತ್ತೇನೆ.

ವಿಶೇಷ ತಿಂಡಿಗೆ ಹೆಚ್ಚಿನ ದರ ಹಾಕುವುದಿಲ್ಲ, ಆದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಅದು ಮುಗಿದಿರುತ್ತದೆ. ಕೂರುವ ಜಾಗ ಕಿರಿದು, ಕಾರು ನಿಲ್ಲಿಸಲು ಸ್ಥಳವಿಲ್ಲ, ಕೈತೊಳೆಯುವ ಜಾಗ ಇನ್ನಷ್ಟು ಶುಚಿಯಾಗಿರಬೇಕು. ಫಿಲ್ಟರ್ ಕಾಫಿಗೆ ಅಕ್ಟೋಬರ್ 1ರ ಅಂತರರಾಷ್ಟ್ರೀಯ ಕಾಫಿ ದಿನದವರೆಗೆ ಕಾಯಬೇಕಾಗಿಲ್ಲ; ಅದು ಯಾವ ದಿನ ಹೋದರೂ ಒಂದೇ ಹದದಲ್ಲಿ ಸಿಗುತ್ತದೆ.