ಬಿಸಿನೀರಿನ ಪ್ರೆಷರ್ ವಾಷರ್ ಇದೆಯಾ? ರಿಪೇರಿಗೆ ಬಂದವರು ‘ಡೈರೆಕ್ಟ್ ಮಾಡಿದ್ದೀನಿ’ ಅಂದರೆ ಒಪ್ಪಬೇಡಿ

ವಾಟರ್ ಸರ್ವಿಸ್ ಇಟ್ಟವರು, ಗ್ಯಾರೇಜಿನವರು, ಡೀಸೆಲ್ ಬರ್ನರ್ ಇರುವ ಬಿಸಿನೀರಿನ ವಾಷರ್ ಬಳಸುವವರು ಯಾರೇ ಇದ್ದರೂ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಅಕ್ಕನ ಮಗನ ಕೈ ಸುಟ್ಟಿದೆ. ಅದಕ್ಕೆ ಕಾರಣ ಎರಡು ಇಂಚಿನ ಒಂದು ಕೆಂಪು ವೈರ್.

ನಮ್ಮ ಸರ್ವಿಸ್ ಸ್ಟೇಷನ್ ಇರುವುದು ಮಂಡ್ಯದಲ್ಲಿ, ಹಳೇ ಹೆದ್ದಾರಿ ಪಕ್ಕ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾಗಿ ಬೆಂಗಳೂರು–ಮೈಸೂರು ಕಾರುಗಳು ಬೈಪಾಸ್ ಹಿಡಿದ ಮೇಲೆ ನಮಗೆ ಉಳಿದದ್ದು ಟ್ರ್ಯಾಕ್ಟರ್, ಟಿಪ್ಪರ್, ಕಬ್ಬಿನ ಲಾರಿ. ಇವುಗಳ ಗ್ರೀಸು, ಆಯಿಲ್ ಜಿಡ್ಡು ತಣ್ಣೀರಿಗೆ ಬಿಡುವುದೇ ಇಲ್ಲ. ಎಷ್ಟು ಪ್ರೆಷರ್ ಕೊಟ್ಟರೂ ಈ ಕಡೆಯದ್ದು ಆ ಕಡೆಗೆ ಹರಡುತ್ತದೆ, ಅಷ್ಟೇ. 80 ಡಿಗ್ರಿ ನೀರು ಬಿದ್ದರೆ ಜಿಡ್ಡು ಕರಗಿ ತಾನಾಗೇ ಇಳಿದು ಹೋಗುತ್ತದೆ. ಅದಕ್ಕೇ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಮಷೀನ್ ತಂದೆ. ಎರಡು ವರ್ಷ ಚೆನ್ನಾಗಿಯೇ ಓಡಿತು.

ಒಂದು ದಿನ ಬೆಳಿಗ್ಗೆ ಬರ್ನರ್ ಹೊತ್ತಿಕೊಳ್ಳಲಿಲ್ಲ. ಮೋಟಾರ್ ತಿರುಗುತ್ತಿದೆ, ನೀರು ಜೋರಾಗಿ ಬರುತ್ತಿದೆ, ಬರ್ನರ್ ಫ್ಯಾನ್ ಸದ್ದೂ ಇದೆ, ಆದರೆ ನೀರು ಮಾತ್ರ ತಣ್ಣಗೆ. ಚಿಮಣಿಯಲ್ಲಿ ಒಂಚೂರೂ ಹೊಗೆ ಇಲ್ಲ. ಈ ಹೊಗೆ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕಬ್ಬಿನ ಸೀಸನ್ ಬೇರೆ. ಹೊರಗೆ ಮೂರು ಟ್ರ್ಯಾಕ್ಟರ್ ಕಾಯುತ್ತಿದ್ದವು. ಪರಿಚಯದವರು ಹೇಳಿದರು ಅಂತ ಮೈಸೂರಿನಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ. ಬಂದವನೇ ಸ್ಪಾರ್ಕ್ ಕೊಡುವ ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂದ, ಬದಲಾಯಿಸಿದ. ಹೊತ್ತಲಿಲ್ಲ. ಡೀಸೆಲ್ ನಾಝಲ್ ಬದಲಾಯಿಸಿದ. ಆಗಲೂ ಹೊತ್ತಲಿಲ್ಲ. ಆಮೇಲೆ ಪ್ಯಾನೆಲ್ ಬಿಚ್ಚಿ ಅರ್ಧ ಗಂಟೆ ಏನೋ ಮಾಡಿದ, ಬರ್ನರ್ ಧಗ್ ಅಂತ ಹೊತ್ತಿಕೊಂಡಿತು. ಏನಾಗಿತ್ತು ಅಂತ ಕೇಳಿದೆ. “ಫ್ಲೋ ಸ್ವಿಚ್ ಹೋಗಿತ್ತು ಅಣ್ಣ. ಇಲ್ಲಿ ಸಿಗಲ್ಲ, ತರಿಸ್ಬೇಕು ಅಂದ್ರೆ ಹದಿನೈದು ದಿನ. ಡೈರೆಕ್ಟ್ ಮಾಡ್ಬಿಟ್ಟಿದೀನಿ, ಏನೂ ಆಗಲ್ಲ” ಅಂದ. ಅಂದರೆ ಸ್ವಿಚ್ಚಿನ ಎರಡು ತುದಿಗೆ ಆ ಕೆಂಪು ವೈರ್ ನೇರವಾಗಿ ಸೇರಿಸಿ, ಸ್ವಿಚ್ ಇಲ್ಲದ ಹಾಗೆ ಮಾಡಿದ್ದ. ಮಷೀನಿನ ಸೇಫ್ಟಿ ವಾಲ್ವ್‌ನಿಂದ ಆಗಾಗ ಹನಿ ಸೋರುತ್ತಿತ್ತು, ಹೋಗುವಾಗ ಅದನ್ನೂ ಸ್ಪ್ಯಾನರ್ ಹಾಕಿ ಬಿಗಿ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನೀರು ಬಿಸಿಯಾಯಿತಲ್ಲ ಅಂತ ಖುಷಿಯಲ್ಲಿ 7,500 ರೂಪಾಯಿ ಕೊಟ್ಟು ಕಳಿಸಿದೆ.

ಆ ಫ್ಲೋ ಸ್ವಿಚ್ ಏನು ಮಾಡುತ್ತದೆ ಅನ್ನುವುದು ನನಗೆ ಅವತ್ತು ಗೊತ್ತಿದ್ದಿದ್ದರೆ ಅವನನ್ನು ಗೇಟ್ ದಾಟಲು ಬಿಡುತ್ತಿರಲಿಲ್ಲ. ಮಷೀನ್ ಒಳಗೆ ಸುರುಳಿ ಸುತ್ತಿದ ಉದ್ದನೆ ಕಬ್ಬಿಣದ ಪೈಪ್ ಇರುತ್ತದೆ, ಅದೇ ಕಾಯಿಲ್. ಅದರೊಳಗೆ ನೀರು, ಹೊರಗೆ ಡೀಸೆಲ್ ಬೆಂಕಿ. ನೀರು ಓಡುತ್ತಿರುವಷ್ಟು ಹೊತ್ತು ಬೆಂಕಿಯ ಶಾಖವನ್ನೆಲ್ಲ ಅದು ಹೊತ್ತುಕೊಂಡು ಹೋಗುತ್ತದೆ. ನೀರು ಹೊಡೆಯುವ ಗನ್ನಿನ ಟ್ರಿಗರ್ ಬಿಟ್ಟ ತಕ್ಷಣ ಪಂಪಿನ ನೀರು ಬೈಪಾಸ್ ಆಗಿ ವಾಪಸ್ ಪಂಪಿಗೇ ಹೋಗುತ್ತದೆ, ಕಾಯಿಲ್ ಒಳಗಿನ ನೀರು ನಿಂತುಬಿಡುತ್ತದೆ. ನೀರು ನಿಂತಿದೆ ಅಂತ ಗೊತ್ತು ಮಾಡಿಕೊಂಡು ಡೀಸೆಲ್ ಕಟ್ ಮಾಡುವುದೇ ಫ್ಲೋ ಸ್ವಿಚ್ ಕೆಲಸ. ಅದನ್ನು ಡೈರೆಕ್ಟ್ ಮಾಡಿದರೆ ನೀರು ನಿಂತರೂ ಬೆಂಕಿ ಉರಿಯುತ್ತಲೇ ಇರುತ್ತದೆ.

ಥರ್ಮೋಸ್ಟಾಟ್ ಇದೆಯಲ್ಲ, ಅದು ಆಫ್ ಮಾಡುವುದಿಲ್ವಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮಷೀನಿನಲ್ಲಿ ಅದರ ಸೆನ್ಸರ್ ಇರುವುದು ಕಾಯಿಲ್‌ನಿಂದ ನೀರು ಹೊರಗೆ ಬರುವ ಜಾಗದಲ್ಲಿ. ನೀರು ಓಡದಿದ್ದರೆ ಒಳಗಿನ ಬಿಸಿ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಕೊನೆಗೆ ಕಾಪಾಡಬೇಕಾದದ್ದು, ಪ್ರೆಷರ್ ಮಿತಿ ಮೀರಿದರೆ ತಾನಾಗೇ ತೆರೆದುಕೊಳ್ಳುವ ಸೇಫ್ಟಿ ವಾಲ್ವ್. ಅದನ್ನೂ ಬಿಗಿ ಮಾಡಿದ್ದ.

ಹನ್ನೊಂದನೇ ದಿನ. ಅಕ್ಕನ ಮಗ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಗಿರಾಕಿ ಯಾರೋ ಕರೆದರು ಅಂತ ಗನ್ ಕೆಳಗಿಟ್ಟು ಹೋಗಿ ಮಾತಾಡಿ ಬಂದ, ಐದು ನಿಮಿಷ ಆಗಿರಬಹುದು. ವಾಪಸ್ ಬಂದು ಗನ್ ಎತ್ತಿ ಒತ್ತಿದ. ಮೊದಲು ಬಂದದ್ದು ನೀರಲ್ಲ, ಹಬೆ. ಅವನು ಗಾಬರಿಯಾಗಿ ಕೈ ಬಿಡುವುದರೊಳಗೆ ಗನ್ ಹತ್ತಿರ ಪೈಪ್ ಕಿತ್ತುಕೊಂಡಿತು. ಪಟಾಕಿ ಹೊಡೆದ ಹಾಗೆ ಸದ್ದು, ಇಡೀ ಶೆಡ್ ಬೆಳ್ಳಗಾಯಿತು, ಒಳಗಿಂದ “ಮಾವಾ” ಅಂತ ಕೂಗು. ಪ್ರೆಷರ್ ಒಳಗಿದ್ದಾಗ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಇರುತ್ತದಂತೆ, ಪ್ರೆಷರ್ ಬಿಟ್ಟ ಕ್ಷಣ ಅದರಲ್ಲಿ ಒಂದು ಭಾಗ ಒಮ್ಮೆಲೇ ಹಬೆಯಾಗಿ ಸಾವಿರ ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದೆ.

ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತು. ಗಂಬೂಟ್ ಹಾಕಿದ್ದರಿಂದ ಕಾಲು ಉಳಿಯಿತು. ಪಕ್ಕದ ಅಂಗಡಿಯವರು ಪೇಸ್ಟ್ ಹಚ್ಚಿ ಅಂತ ಓಡಿ ಬಂದರು, ನಾನು ಬೇಡ ಅಂದೆ. ಇಪ್ಪತ್ತು ನಿಮಿಷ ತೊಟ್ಟಿಯ ನಲ್ಲಿ ಕೆಳಗೆ ಕೈ ಹಿಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲು ನೀರು ಹಾಕಿದ್ದು ಒಳ್ಳೆಯದಾಯಿತು ಅಂದರು ಡಾಕ್ಟರ್. ಅಕ್ಕ ಆಸ್ಪತ್ರೆಗೆ ಬಂದು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಆ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ “ನಿಮಗೆ ಹೇಳೇ ಮಾಡಿದ್ದೆ ಅಲ್ವಾ ಅಣ್ಣ” ಅಂದ. ಆಮೇಲೆ ಫೋನ್ ಎತ್ತಲಿಲ್ಲ.

ಒಂದು ವಾರದ ಮೇಲೆ ಇನ್ನೊಬ್ಬರನ್ನು ಕರೆಸಿದೆ, ವಯಸ್ಸಾದವರು, ಬಾಯ್ಲರ್ ಕೆಲಸ ಗೊತ್ತಿದ್ದವರು. ಅವರು ಹಳೇ ಫ್ಲೋ ಸ್ವಿಚ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರೊಳಗೆ ಮ್ಯಾಗ್ನೆಟ್ ಇರುವ ಪುಟ್ಟ ಪಿಸ್ಟನ್ ಇದೆ. ನೀರು ತಳ್ಳಿದರೆ ಅದು ಮೇಲೆ ಸರಿಯುತ್ತದೆ, ಹೊರಗಿನ ಸ್ವಿಚ್ ಆನ್ ಆಗುತ್ತದೆ. ನಮ್ಮದರಲ್ಲಿ ಆ ಪಿಸ್ಟನ್ ಸುತ್ತ ಬೋರ್ ನೀರಿನ ಸುಣ್ಣ, ಹಳೇ ಜಿಐ ಪೈಪಿನ ತುಕ್ಕಿನ ಪುಡಿ ಮ್ಯಾಗ್ನೆಟ್‌ಗೆ ಅಂಟಿ ಗಟ್ಟಿಯಾಗಿ ಕೂತಿತ್ತು. ವಿನಿಗರ್‌ನಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ತೊಳೆದು ವಾಪಸ್ ಹಾಕಿದರು. ಕೆಲಸ ಮಾಡಿತು. ಸ್ವಿಚ್ ಹೋಗಿರಲೇ ಇಲ್ಲ.

ಟ್ರಾನ್ಸ್‌ಫಾರ್ಮರ್ ಕಥೆಯೂ ಅವರಿಂದಲೇ ಗೊತ್ತಾಯಿತು. ಸ್ಪಾರ್ಕ್ ಇಲ್ಲದಿದ್ದರೆ ಡೀಸೆಲ್ ಒಳಗೆ ಚಿಮ್ಮುತ್ತದೆ, ಆದರೆ ಹೊತ್ತುವುದಿಲ್ಲ, ಚಿಮಣಿಯಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ, ಡೀಸೆಲ್ ವಾಸನೆ ಹೊಡೆಯುತ್ತದೆ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ ಅಂತ ಅರ್ಥ. ಆಗ ಟ್ಯಾಂಕ್, ಫಿಲ್ಟರ್, ಡೀಸೆಲ್ ವಾಲ್ವ್, ಅದಕ್ಕೆ ಕರೆಂಟ್ ಕೊಡುವ ಸ್ವಿಚ್‌ಗಳು, ಇವನ್ನು ನೋಡಬೇಕು. ಹೊಗೆ ಇಲ್ಲದ ಮಷೀನಿಗೆ ಮೊದಲೇ ಟ್ರಾನ್ಸ್‌ಫಾರ್ಮರ್ ಬದಲಾಯಿಸಬೇಕು ಅನ್ನುವವರ ಕೈಗೆ ಮಷೀನ್ ಕೊಡಬೇಡಿ. ಇನ್ನು ಬಿಳಿ ಹೊಗೆ ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಒಳಗೆ ಡೀಸೆಲ್ ತುಂಬಿಕೊಂಡು ಒಮ್ಮೆಲೇ ಹೊತ್ತಿದರೆ ಅದೂ ಅಪಾಯವೇ.

ನಿಮ್ಮ ಮಷೀನ್ ಡೈರೆಕ್ಟ್ ಆಗಿದೆಯಾ ಅಂತ ನೋಡಲು ಮೆಕ್ಯಾನಿಕ್ ಬೇಕಾಗಿಲ್ಲ. ಬಿಸಿ ಮೋಡಿನಲ್ಲಿ ಓಡಿಸಿ, ಗನ್ ಬಿಡಿ, ಕಿವಿ ಕೊಡಿ. ಫ್ಯಾನ್ ತಿರುಗುತ್ತಿರಬಹುದು, ಆದರೆ ಬೆಂಕಿಯ ಗುಂಯ್ ಅನ್ನುವ ಸದ್ದು ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲಲಿಲ್ಲವಾ, ತಕ್ಷಣ ಬರ್ನರ್ ಆಫ್ ಮಾಡಿ, ಗನ್ ಒತ್ತಿ ತಣ್ಣೀರು ಓಡಿಸಿ, ಸರಿಯಾಗುವವರೆಗೆ ಬರ್ನರ್ ಮುಟ್ಟಬೇಡಿ. ಸೇಫ್ಟಿ ವಾಲ್ವ್ ಸೋರಿದರೆ ಯಾಕೆ ಸೋರುತ್ತಿದೆ ಅಂತ ನೋಡಿಸಿ, ಬಿಗಿ ಮಾಡಿಸಬೇಡಿ. ನಮ್ಮ ಕಡೆ ಬೋರ್ ನೀರು ಗಡಸು, ಕಾಯಿಲ್ ಒಳಗೂ ಸುಣ್ಣ ಕಟ್ಟಿ ದಾರಿ ಕಿರಿದಾಗಿ ಪ್ರೆಷರ್ ಏರುತ್ತದೆ. ನಮ್ಮ ವಾಲ್ವ್ ಸೋರುತ್ತಿದ್ದದ್ದು ಅದಕ್ಕೇ ಅಂತೆ.

ಮೊನ್ನೆ ಶ್ರೀರಂಗಪಟ್ಟಣದ ಹತ್ತಿರ ಗೆಳೆಯನ ಸರ್ವಿಸ್ ಸ್ಟೇಷನ್‌ಗೆ ಹೋಗಿದ್ದೆ. ಸುಮ್ನೆ ನೋಡೋಣ ಅಂತ ಗನ್ ಬಿಡಿಸಿ ಕಿವಿ ಕೊಟ್ಟೆ. ಸದ್ದು ನಿಲ್ಲಲಿಲ್ಲ. ಮೇನ್ ಆಫ್ ಮಾಡಿ ಪ್ಯಾನೆಲ್ ಬಿಚ್ಚಿದರೆ ಅಲ್ಲೂ ಅಷ್ಟೇ ಉದ್ದದ ಒಂದು ವೈರ್. ಅವನ ಹತ್ತಿರ ಕೆಲಸಕ್ಕಿರುವ ಹುಡುಗನಿಗೆ ಹತ್ತೊಂಬತ್ತು ವರ್ಷ. ವೈರ್ ತೆಗೆದೆವು. ಈಗ ಅವನ ಮಷೀನಿನಲ್ಲಿ ತಣ್ಣೀರು ಮಾತ್ರ ಬರುತ್ತದೆ. ಹೊಸ ಸ್ವಿಚ್ ಬರುವವರೆಗೆ ಹಾಗೇ ಇರಲಿ ಬುಡಣ್ಣ ಅಂದ ಗೆಳೆಯ.